ಗುಂಯ್ ಅನ್ನುತ್ತಿದೆ, ಮೋಟರ್ ಹೋಯಿತಾ?

ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡೆ. ಮನೆ ದಾವಣಗೆರೆ, ಪಾಠ ಮಾಡುವುದು ಚಿತ್ರದುರ್ಗದಲ್ಲಿ. ಹೋಗಿ ಬರುವುದು ಸೇರಿ ದಿನಕ್ಕೆ ಸುಮಾರು 120 ಕಿಲೋಮೀಟರ್. ಮೂರನೇ ವಾರ ಆನಗೋಡು ದಾಟುವಾಗ ಗುಂಯ್ ಅಂತ ಶುರುವಾಯಿತು. ಒಂದು ವರ್ಕ್‌ಶಾಪಿನವರು ಒಂದು ಸುತ್ತು ಓಡಿಸಿ, "ಮೋಟರ್ ಹೋಗಿದೆ ಮೇಡಂ" ಅಂದರು. ಆ ರಾತ್ರಿ ನಿದ್ದೆ ಇಲ್ಲ. ಕೊನೆಗೆ ಕಳ್ಳನನ್ನು ಹಿಡಿದದ್ದು ಪಿ.ಬಿ. ರಸ್ತೆಯ ಟೈರ್ ಅಂಗಡಿ ಹುಡುಗ. ಹಿಂದಿನ ಟೈರುಗಳು ಗರಗಸದ ಹಲ್ಲಿನ ಹಾಗೆ ಸವೆದಿದ್ದವು.

ನಮ್ಮ ಹಳೇ ಡೀಸೆಲ್ ಕಾರಿನಲ್ಲೂ ಇಂಥ ಸದ್ದು ಇದ್ದಿರಬೇಕು. ಎಂಜಿನ್ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಸದ್ದು ಎಲ್ಲಿಂದ ಅಂತ ತಲೆ ಕೆಡಿಸಿಕೊಳ್ಳುವ ಮೊದಲು, ಯಾವಾಗ ಬರುತ್ತದೆ ಅಂತ ಗಮನಿಸಿ. ಹಾಡು, ಎಸಿ ಎರಡೂ ಬಂದ್ ಮಾಡಿ.

ಕೆಲವು ಸದ್ದಿಗೆ ಸುಮ್ನೆ ಹೆದರಬೇಡಿ. ಕಾರು ಆನ್ ಮಾಡಿದಾಗ ಟಕ್ ಅನ್ನುವುದು ಬ್ಯಾಟರಿಯ ದೊಡ್ಡ ಸ್ವಿಚ್ಚು ಕೂಡಿಕೊಂಡ ಸದ್ದು. ಬೇಸಿಗೆಯಲ್ಲಿ ಫಾಸ್ಟ್ ಚಾರ್ಜ್‌ಗೆ ಹಾಕಿದಾಗ ಫ್ಯಾನ್ ಬೊಬ್ಬೆ ಹೊಡೆಯುವುದು ಬ್ಯಾಟರಿ ತಣ್ಣಗಿಡಲಿಕ್ಕೆ. ಕೆಲವು ಕಾರುಗಳು ನಿಧಾನ ಹೋಗುವಾಗ ನಡೆದು ಹೋಗುವವರಿಗೆ ಕೇಳಲಿ ಅಂತ ಬೇಕೆಂದೇ ಸದ್ದು ಮಾಡುತ್ತವೆ.

ಈಗ ಗುಂಯ್ ವಿಷಯ. ಖಾಲಿ, ನೇರ ರಸ್ತೆ ಬೇಕು. ನಾನು ಭಾನುವಾರ ಬೆಳಿಗ್ಗೆ ಭರಮಸಾಗರದ ಕಡೆ ಹೋಗಿದ್ದೆ. 60ಕ್ಕೆ ಏರಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಾಲು ಒತ್ತಿದಾಗ ಒಂದು ರಾಗ, ತೆಗೆದು ರೀಜೆನ್ (ಮೋಟರೇ ಕಾರಿನ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ತುಂಬುವುದು) ಹಿಡಿದಾಗ ಇನ್ನೊಂದು ರಾಗ ಅಂದರೆ ಮೋಟರ್ ಅಥವಾ ಅದರ ಗೇರ್ ಮೇಲೆ ಅನುಮಾನ. ಅಲ್ಲಿ ಸಣ್ಣಗೆ ಕೀಂ ಅನ್ನುವುದು ಮಾಮೂಲು. ದಿನೇ ದಿನೇ ಜಾಸ್ತಿಯಾದರೆ ಗೇರ್ ಆಯಿಲ್‌ನಲ್ಲಿ ಕಬ್ಬಿಣದ ಪುಡಿ ಇದೆಯಾ ಅಂತ ನೋಡಿಸಿ. ಒತ್ತಿದರೂ ಬಿಟ್ಟರೂ ಒಂದೇ ಸದ್ದು, ವೇಗದ ಜೊತೆ ಮಾತ್ರ ಏರಿಳಿತ ಅಂದರೆ ಟೈರು ಅಥವಾ ಚಕ್ರದ ಬೇರಿಂಗ್.

ಇವೆರಡನ್ನು ಬೇರೆ ಮಾಡುವುದರಲ್ಲೇ ಜನ ಎಡವುವುದು. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸದ್ದು ಬದಲಾದರೆ ಟೈರು. ಕಾರು ನಿಲ್ಲಿಸಿ ಟೈರ್ ಮೇಲೆ ಅಂಗೈ ಆಡಿಸಿ. ಒಂದು ಕಡೆಗೆ ನಯ, ವಾಪಸ್ ಬರುವಾಗ ಚುಚ್ಚಿದರೆ ಅದೇ ಗರಗಸ. ಬ್ಯಾಟರಿ ಭಾರಕ್ಕೆ ಈ ಕಾರುಗಳಲ್ಲಿ ಟೈರು ಬೇಗ ಸವೆಯುತ್ತದೆ. ಗಾಳಿ ಕಡಿಮೆ, ಅಲೈನ್‌ಮೆಂಟ್ ಓರೆ ಇದ್ದರೆ ಇನ್ನೂ ಬೇಗ. ಬೇರಿಂಗ್ ಆದರೆ ರಸ್ತೆ ಬದಲಾದರೂ ಅದೇ ರಾಗ. ಸ್ಟೀರಿಂಗ್ ನಿಧಾನವಾಗಿ ಎಡಕ್ಕೆ ತಿರುಗಿಸುವಾಗ ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್. ಭಾರ ಆ ಕಡೆ ಬೀಳುತ್ತದೆ, ಅಲ್ವಾ? ಬೇರಿಂಗ್ ರಿಪೇರಿ ಮುಂದಕ್ಕೆ ಹಾಕಬೇಡಿ.

ಚಿತ್ರದುರ್ಗ ಹತ್ತಿರವಾದ ಹಾಗೆ ಆಷಾಢದಲ್ಲಿ ಇನ್ನೊಂದು ಹುಯ್ ಸೇರುತ್ತದೆ. ಕರೆಂಟಿಗೆ ಗಾಳಿಯಂತ್ರ ನೆಡುವಷ್ಟು ಗಾಳಿ ಇರುವ ಊರು ಅದು. ಬಾಗಿಲ ರಬ್ಬರ್ ಅಂಚಿಗೆ ಪೇಪರ್ ಟೇಪ್ ಅಂಟಿಸಿ ಓಡಿಸಿ. ಸದ್ದು ನಿಂತರೆ ರಬ್ಬರ್ ಬದಲಿಸಿದರಾಯಿತು.

ಹಂಪ್ಸ್ ಮೇಲೆ ಕಟಕಟ ಅಂದರೆ ಮೊದಲು ಲಿಂಕ್ ರಾಡ್ (ಸಸ್ಪೆನ್ಶನ್‌ನ ಸಣ್ಣ ಕಂಬಿ) ನೋಡಿಸಿ. ಖರ್ಚು ಕಡಿಮೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ ಟಕ ಬಂದರೆ ಆಕ್ಸೆಲ್ ಜಾಯಿಂಟ್, ಅಂದರೆ ಚಕ್ರ ತಿರುಗಿಸುವ ದಂಡದ ಕೀಲು. ಮಳೆ ಮಾರನೇ ದಿನ ಬ್ರೇಕ್ ಕರಕರ ಅನ್ನುವುದು ಡಿಸ್ಕ್ ತುಕ್ಕು. ರೀಜೆನ್ ಇರುವುದರಿಂದ ಬ್ರೇಕಿಗೆ ಕೆಲಸ ಕಡಿಮೆ, ತುಕ್ಕು ಜಾಸ್ತಿ. ಹಿಂದೆ ವಾಹನ ಇಲ್ಲದಾಗ ನಾಲ್ಕೈದು ಸಲ ಗಟ್ಟಿಯಾಗಿ ಒತ್ತಿದರೆ ಹೋಗುತ್ತದೆ. ಹೋಗದಿದ್ದರೆ ಪ್ಯಾಡ್ ಬಿಚ್ಚಿಸಿ ನೋಡಿ.

ಹಂಪ್ಸ್‌ಗೆ ಕಾರಿನ ಹೊಟ್ಟೆ ಬಡಿದ ಸದ್ದು ಕೇಳಿದ್ದರೆ ಮಾತ್ರ ನಾಳೆ ಅನ್ನಬೇಡಿ. ಅಲ್ಲಿರುವುದು ಬ್ಯಾಟರಿ. ಲಿಫ್ಟ್ ಮೇಲೆ ಎತ್ತಿಸಿ, ತಳ ತಗ್ಗಾಗಿದೆಯಾ, ಸೀಳಿದೆಯಾ ಅಂತ ಕಣ್ಣಾರೆ ನೋಡಿ. ಹೈ ವೋಲ್ಟೇಜ್ ಕರೆಂಟಿನ ಕಿತ್ತಳೆ ಬಣ್ಣದ ವೈರ್ ಕಂಡಲ್ಲಿ ನೀವೂ ಕೈ ಹಾಕಬೇಡಿ, ಬರೀ ಪೆಟ್ರೋಲ್ ಕಾರು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್‌ನ ಕೈಯನ್ನೂ ಹಾಕಿಸಬೇಡಿ.