‘ನಾನೂ’ ಬೆಳೆಸುವುದು ಹೇಗೆ?

ಹವಾಯಿಯ ಜನ ಈ ಮರವನ್ನು ಕರೆಯುವುದು ‘ನಾನೂ’ ಎಂದೇ. ಮೊದಲ ಸಲ ಕೇಳಿದಾಗ ನಗು ಬಂದಿತ್ತು. ಗಂಧರಾಜದ ಕುಲಕ್ಕೆ ಸೇರಿದ್ದು, ಹೂ ಅಚ್ಚ ಬಿಳಿ. ಮರ ಕಣ್ಣಿಗೆ ಬೀಳುವ ಮೊದಲೇ ಘಮ ಮೂಗಿಗೆ ಬಡಿಯುತ್ತದೆ. ಕಾಡಿನಲ್ಲಿ ಉಳಿದಿರುವುದು 20ರ ಆಸುಪಾಸು ಮರಗಳು, ಹೆಚ್ಚಿನವು ಲಾನಾಯಿ ದ್ವೀಪದಲ್ಲಿ. ಅಲ್ಲಿ ಸಸಿಗಳನ್ನು ಮೇಯುವ ಜಿಂಕೆ ಬೇರೆ ಯಾವುದೂ ಅಲ್ಲ, ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯೇ. ಯಾರೋ ಒಯ್ದು ಬಿಟ್ಟದ್ದು. 1985ರಲ್ಲಿ ಅಮೆರಿಕ ಈ ಮರವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಆದ್ದರಿಂದ ಹವಾಯಿಯಲ್ಲಿ ನೆಲೆಸಿ ಇದನ್ನು ಹಿತ್ತಲಲ್ಲಿ ಬೆಳೆಸಬೇಕೆನ್ನುವವರು ಕಾಡಿನ ಗಿಡಕ್ಕೆ ಕೈ ಹಾಕಬಾರದು. ಪರವಾನಗಿ ಇರುವ ನರ್ಸರಿಯಿಂದಲೇ ಸಸಿ ತನ್ನಿ. ಊರಿಗೆ ಹೋಗುವಾಗ ಬೀಜ ಚೀಲಕ್ಕೆ ಹಾಕಿಕೊಳ್ಳುವ ಆಸೆಯೂ ಬೇಡ. ಅನುಮತಿಯಿಲ್ಲದೆ ಭಾರತಕ್ಕೆ ಒಯ್ಯುವಂತಿಲ್ಲ.

ಜಾಗ ಆರಿಸುವುದು ಸುಲಭ: ದಿನವಿಡೀ ಬಿಸಿಲು, ನೀರು ನಿಲ್ಲದ ನೆಲ. ಎಡವುವುದು ನೀರಿನಲ್ಲಿ. ಗಂಧರಾಜಕ್ಕೆ ಹಾಕಿದಂತೆ ದಿನಾ ಹಾಕಿ ನನ್ನ ಮೊದಲ ಸಸಿಯನ್ನು ನಾನೇ ಕೊಂದೆ. ಇದು ಒಣಕಾಡಿನ ಮರ. ಬೇರೂರುವ ತನಕ ತೇವ ಆರದಂತೆ ನೋಡಿಕೊಳ್ಳಿ. ಆಮೇಲೆ ಮಣ್ಣಿಗೆ ಬೆರಳು ಇಳಿಸಿ, ಒಣಗಿದೆ ಅನ್ನಿಸಿದರೆ ಮಾತ್ರ ಒಮ್ಮೆಗೇ ಬೇರಿನಾಳಕ್ಕೆ ಇಳಿಯುವಷ್ಟು ನೀರುಣಿಸಿ.

ಚಿಗುರಿನ ತುದಿ ಅಂಟಂಟಾಗಿರುತ್ತದೆ. ರೋಗವೆಂದು ಹೆದರಬೇಡಿ, ಅದು ಗಿಡದ್ದೇ ಮೇಣ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಬಿಕ್ಕೆ ಗಿಡ ಮುಟ್ಟಿದವರ ಬೆರಳಿಗೆ ಇದರ ನೆನಪಿರುತ್ತದೆ. ಅದೂ ಇದೇ ಕುಲ. ಹೆದರಬೇಕಾದದ್ದು ಎಲೆಯ ಮೇಲೆ ಮಸಿಯಂಥ ಕಪ್ಪು ಕಂಡಾಗ. ಎಲೆ ತಿರುವಿ ನೋಡಿ, ಅಂಟಿಕೊಂಡು ರಸ ಹೀರುವ ಶಲ್ಕ ಕೀಟ ಇರುತ್ತದೆ. ಅದು ಒಸರುವ ಸಿಹಿ ಅಂಟಿಗೆ ಇರುವೆ ಸಾಲುಗಟ್ಟುತ್ತದೆ. ಮೊದಲು ಇರುವೆ ತಡೆಯಿರಿ, ನಂತರ ಸಾಬೂನು ನೀರು ಸಿಂಪಡಿಸಿ.

ಕಾಯಿ ಬಿಟ್ಟರೆ ಅದೃಷ್ಟ. ಹಣ್ಣು ಮೆತ್ತಗಾದ ಮೇಲೆ ಒಡೆದು, ತಿರುಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಜರಡಿಯಲ್ಲಿ ಕಿವುಚಿ ಬೀಜ ಬಿಡಿಸಿ. ಕೈಯೆಲ್ಲ ಅರಿಸಿನ ಮೆತ್ತಿದಂತಾಗುತ್ತದೆ. ಹಿಂದೆ ಮರದ ತೊಗಟೆ ಬಡಿದು ಮಾಡುತ್ತಿದ್ದ ‘ಕಾಪಾ’ ಬಟ್ಟೆಗೆ ಹವಾಯಿಯ ಹೆಂಗಸರು ಹಳದಿ ಹಾಕುತ್ತಿದ್ದದ್ದು ಈ ತಿರುಳಿನಿಂದಲೇ. ತೊಳೆದ ಬೀಜವನ್ನು ಸಡಿಲ ಮಣ್ಣಿನ ಮೇಲೆ ಉದುರಿಸಿ, ತೆಳುವಾಗಿ ಮುಚ್ಚಿ, ನೆರಳಲ್ಲಿಡಿ. ಮೊಳಕೆಗೆ ಸುಮಾರು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಕುಂಡ ಕೆದಕಿ ನೋಡಬೇಡಿ.