ಚೆಕ್‌ರೋಲ್ ಹಾಳೆಯಲ್ಲಿ ಕೇಂದ್ರ ಸರ್ಕಾರದ ಲೆಕ್ಕ ಹಾಕುವುದು ಹೇಗೆ?

ಲೋಕಸಭೆ ಎಣಿಕೆ ಹೊತ್ತಿಗೆ ಕೊಡಗಿನಲ್ಲಿ ಮಳೆ ಹಿಡಿದರೆ ಕರೆಂಟ್ ನಂಬುವ ಹಾಗಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಟಿವಿಗಿಂತ ಜಾಸ್ತಿ ಕೆಲಸಕ್ಕೆ ಬರುವುದು ಹಳೇ ಚೆಕ್‌ರೋಲ್ ಪುಸ್ತಕ. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಆಳುಗಳ ಹಾಜರಿಗೆ ಗೆರೆ ಹಾಕಿದ ಹಾಳೆ ಈ ಲೆಕ್ಕಕ್ಕೂ ಸರಿಯಾಗುತ್ತದೆ.

ಮೊದಲು ಮೇಲೆ ದೊಡ್ಡದಾಗಿ 272 ಅಂತ ಬರೆಯಿರಿ. ಒಟ್ಟು 543 ಸೀಟಿನಲ್ಲಿ ಅರ್ಧ ದಾಟಲು ಅಷ್ಟು ಬೇಕು. ಅದರಲ್ಲಿ ನಮ್ಮದೇ ಅಂತ ಒಂದು ಪೂರ್ತಿ ಸೀಟೂ ಇಲ್ಲ. ಮಡಿಕೇರಿ, ವಿರಾಜಪೇಟೆ ಎರಡೂ ಮೈಸೂರಿನ ಜೊತೆ ಸೇರಿವೆ, 2009ಕ್ಕೆ ಮುಂಚೆ ಮಂಗಳೂರಿನ ಜೊತೆ ಇದ್ದೆವು. ಕೊಡಗು ಬೇರೆ ರಾಜ್ಯವಾಗಿದ್ದಾಗ, ಮೊದಲ ಲೋಕಸಭೆಯಲ್ಲಿ, ನಮಗೇ ಒಬ್ಬ ಸಂಸದರಿದ್ದರು ಅನ್ನುವುದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಆಮೇಲೆ ಎರಡು ಕಾಲಂ ಮಾಡಿ, ಪಕ್ಷಕ್ಕೊಂದು, ಕೂಟಕ್ಕೊಂದು. ಮುನ್ನಡೆಯನ್ನು ಪೆನ್ಸಿಲಲ್ಲೇ ಬರೆಯಿರಿ, ಗೆದ್ದ ಮೇಲೆ ಪೆನ್ನು. 2024ರ ಜೂನ್ 4ರಂದು ಬಿಜೆಪಿಗೆ 240 ಬಂತು, ಅಂದರೆ 32 ಕಡಿಮೆ. ತೆಲುಗು ದೇಶಂನ 16, ಜೆಡಿಯುನ 12 ಸೇರಿಸಿದರೂ ಇನ್ನೂ 4 ಬೇಕು! ಸಣ್ಣ ಪಕ್ಷಗಳನ್ನೂ ಬಿಡದೆ ಬರೆಯಿರಿ ಅನ್ನುವುದು ಅದಕ್ಕೇ. ಎಲ್ಲ ಕೂಡಿದಾಗ ಬಿಜೆಪಿಯ ಕೂಟ ಎನ್‌ಡಿಎ 293 ಆಯಿತು, ಜೂನ್ 9ಕ್ಕೆ ಪ್ರಮಾಣವಚನವೂ ಆಯಿತು.

ಮೂರನೆಯದು ಬೆಂಬಲ ಪತ್ರ. ಟಿವಿಯಲ್ಲಿ ಯಾರೋ 'ನಾವು ಜೊತೆಗಿದ್ದೇವೆ' ಅಂದ ಮಾತ್ರಕ್ಕೆ ಸುಮ್ನೆ ಕೂಡಿಸಬೇಡಿ, ಪತ್ರ ರಾಷ್ಟ್ರಪತಿ ಭವನ ತಲುಪಿತಾ ನೋಡಿ. 1996ರಲ್ಲಿ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅವರು ದೊಡ್ಡ ಪಕ್ಷ ಅಂತ ವಾಜಪೇಯಿ ಅವರನ್ನು ಕರೆದರು. ಆ ಸರ್ಕಾರ 13 ದಿನ ಇತ್ತು. 1998ರಲ್ಲಿ ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅವರು ಮೊದಲು ಪತ್ರ ತನ್ನಿ ಅಂದರು. ನನಗೆ ಇದೇ ಸರಿ ಅನ್ನಿಸುತ್ತದೆ.

ಪತ್ರ ಕೊಟ್ಟವರೆಲ್ಲ ಸರ್ಕಾರದೊಳಗೆ ಬರುವುದಿಲ್ಲ, ಅಲ್ವಾ? ಹೊರಗಿನ ಬೆಂಬಲಕ್ಕೆ ಬೇರೆ ಗುರುತು ಹಾಕಿ. ಅಪ್ಪನ 1996ರ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅಂಚು ಹಳದಿಯಾಗಿದೆ, ಒಂದು ಕಡೆ ಕಾಫಿ ಲೋಟದ ಕಲೆ. ಕಾಂಗ್ರೆಸ್ 140 ಅನ್ನುವುದರ ಸುತ್ತ ಬರೀ ಚುಕ್ಕೆಗಳು, ಪಕ್ಕದಲ್ಲಿ 'ಹೊರಗಿನಿಂದ'. ನಮ್ಮ ದೇವೇಗೌಡರು ಪ್ರಧಾನಿಯಾದರು ಅಂತ ತೋಟವೆಲ್ಲ ಖುಷಿಪಟ್ಟಿತ್ತು. ಆ ಚುಕ್ಕೆ ಹಾಕಿದ ನಂಬರ್ ಹಿಂದೆ ಸರಿದಾಗ 1997ರ ಏಪ್ರಿಲ್ 11ರಂದು ಸರ್ಕಾರ ಬಿತ್ತು.

ಇನ್ನು ವಿಶ್ವಾಸಮತ. ಆ ದಿನ ಸದನದಲ್ಲಿ ಓಟು ಹಾಕಿದವರ ಸಂಖ್ಯೆ ಎಷ್ಟೋ, ಅದರ ಅರ್ಧ ದಾಟಿದರೆ ಸಾಕು. ಗೆದ್ದರೂ ಹಾಳೆ ಹರಿಯಬೇಡಿ. ಯಾವ ಪಕ್ಷ ಬೆಂಬಲ ವಾಪಸ್ ತೆಗೆದುಕೊಂಡರೂ ಅದರ ನಂಬರ್ ಹೊಡೆದು ಮತ್ತೆ ಕೂಡಿಸಿ. 1999ರಲ್ಲಿ ಅಪ್ಪ ವಾಜಪೇಯಿ ಸರ್ಕಾರದ ಲೆಕ್ಕದಿಂದ ಅಣ್ಣಾ ಡಿಎಂಕೆಯ 18ನ್ನು ಹೊಡೆದು ಹಾಕಿ ರೇಡಿಯೋ ಪಕ್ಕ ಕೂತಿದ್ದರು. ಏಪ್ರಿಲ್ 17ರಂದು ಅವರು ಬರೆದದ್ದು ಎರಡೇ ಸಾಲು. ಪರ 269. ವಿರುದ್ಧ 270.