ಹಳೇ ಕಂಪ್ಯೂಟರಿನ ಫೋಲ್ಡರ್ ಹೊಸದಕ್ಕೆ ಕಾಣದಿದ್ದರೆ

ತಿಪಟೂರಿನ ನಮ್ಮ ಮಾವನ ಕೊಬ್ಬರಿ ಲೆಕ್ಕವೆಲ್ಲ ಇನ್ನೂ ವಿಂಡೋಸ್ 7 ಕಂಪ್ಯೂಟರಿನಲ್ಲೇ ಇದೆ. ಮಗಳ ವಿಂಡೋಸ್ 11 ಲ್ಯಾಪ್‌ಟಾಪಿಗೆ ಆ ಫೋಲ್ಡರ್ ಸಿಗುತ್ತಿರಲಿಲ್ಲ. ನಿಮ್ಮಲ್ಲೂ ಹೀಗಾದರೆ ಮೊದಲು ಎರಡೂ ಒಂದೇ ವೈಫೈನಲ್ಲಿವೆಯಾ ನೋಡಿ. ಗೆಸ್ಟ್ ವೈಫೈ ಆಗುವುದಿಲ್ಲ.

ಹಳೇದರಲ್ಲಿ ಸಿಎಂಡಿ (cmd, ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ipconfig ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 (IPv4) ಸಾಲಿನ ನಂಬರ್, ಅಂದರೆ ಆ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ, ಬರೆದುಕೊಳ್ಳಿ, 192.168.1.5 ಥರ ಇರುತ್ತದೆ. ಹೊಸದರಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ (\\) ಹಾಕಿ, ಆ ನಂಬರ್ ಟೈಪ್ ಮಾಡಿ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಬರಲಿ ಅಂತ ಸುಮ್ನೆ ಕಾಯಬೇಡಿ. ಏನೂ ಬರದಿದ್ದರೆ, ಹಳೇದರ ನೆಟ್‌ವರ್ಕ್ ‘ಪಬ್ಲಿಕ್’ ಆಗಿರಬಹುದು. ‘ಹೋಮ್’ ಮಾಡಿ.

ಪಾಸ್‌ವರ್ಡ್ ಕೇಳಿತಾ? ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಮಾವನ ಕಂಪ್ಯೂಟರಿಗೆ ಪಾಸ್‌ವರ್ಡೇ ಇರಲಿಲ್ಲ. ಖಾಲಿ ಪಾಸ್‌ವರ್ಡ್ ಇರುವ ಯೂಸರನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಹಳೇದರಲ್ಲಿ ಹೊಸ ಯೂಸರ್ ಮಾಡಿ, ಪಾಸ್‌ವರ್ಡ್ ಇಟ್ಟು, ಫೋಲ್ಡರನ್ನು ಆ ಹೆಸರಿಗೆ ಶೇರ್ ಮಾಡಿ. ಲ್ಯಾಪ್‌ಟಾಪ್ ಕೇಳಿದಾಗ ಅದನ್ನೇ ಕೊಡಿ, ಲ್ಯಾಪ್‌ಟಾಪಿನ ಪಿನ್ ಅಲ್ಲ.

‘ಎಸ್‌ಎಂಬಿ1 (ವಿಂಡೋಸ್ ಫೈಲ್ ಹಂಚಿಕೊಳ್ಳುವ ಹಳೇ ವಿಧಾನ) ಆನ್ ಮಾಡಿ’ ಅಂತ ಯಾರೋ ಹೇಳೇ ಹೇಳುತ್ತಾರೆ. ಬೇಡ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವನ್ನಾಕ್ರೈ ವೈರಸ್ ಹರಡಿದ್ದು ಅದರ ತೂತಿನಿಂದಲೇ ಅಲ್ವಾ? ವಿಂಡೋಸ್ 7ಗೆ ಅದರ ನಂತರದ ಎಸ್‌ಎಂಬಿ2 ಬರುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಎಸ್‌ಎಂಬಿ1 ಮಾತ್ರ ಬರುವುದು, ಅದಿದ್ದರೆ ಪೆನ್‌ಡ್ರೈವೇ ವಾಸಿ.